ಹಳಿಗಳ ಪಕ್ಕದ ಕಚೇರಿನಗರಿ: ಲಂಡನ್ನಿನ ಬ್ರಾಡ್‌ಗೇಟ್‌ನಲ್ಲಿ ಉಳಿದದ್ದು, ಉರುಳಿದ್ದು

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣಕ್ಕೆ ಒತ್ತಿಕೊಂಡಂತೆ ಬ್ರಾಡ್‌ಗೇಟ್ ಎಂಬ ಕಚೇರಿ ಸಮುಚ್ಚಯವಿದೆ. ಅಲ್ಲಿ 1984ರಲ್ಲಿ ಒಂದು ಕಟ್ಟಡ ಮುಗಿಯಿತು. ಅದರ ವಿಳಾಸ 1, ಫಿನ್ಸ್‌ಬರಿ ಅವೆನ್ಯೂ. ಕೆಲವೇ ಹೆಜ್ಜೆ ದೂರದಲ್ಲಿ, ಮೂರು ವರ್ಷಗಳ ನಂತರ, ಬ್ರಾಡ್‌ಗೇಟ್ ಚೌಕದ 4 ಮತ್ತು 6ನೇ ಸಂಖ್ಯೆಯ ಕಟ್ಟಡಗಳು ಎದ್ದವು. ಇವೆಲ್ಲವನ್ನೂ ರೂಪಿಸಿದ್ದು ಆರಪ್ ಅಸೋಸಿಯೇಟ್ಸ್ ಸಂಸ್ಥೆ, ಪೀಟರ್ ಫೋಗೊ ಅವರ ನೇತೃತ್ವದಲ್ಲಿ. ಕಟ್ಟಿಸಿದವರ ಉದ್ದೇಶವೂ ಕಟ್ಟಿದ ಕ್ರಮವೂ ಹೆಚ್ಚುಕಡಿಮೆ ಒಂದೇ. ಆದರೂ 2015ರ ಹೊತ್ತಿಗೆ ಮೊದಲನೆಯದು ಕಾನೂನಿನ ರಕ್ಷಣೆ ಪಡೆದ ಪಾರಂಪರಿಕ ಕಟ್ಟಡವಾಗಿತ್ತು. ಉಳಿದೆರಡು ನೆಲಸಮವಾಗಿ ಅವುಗಳ ಜಾಗದಲ್ಲಿ ಬೇರೊಂದು ಕಟ್ಟಡ ನಿಂತಿತ್ತು.

ಒಂದೇ ಕೈಯ ಒಂದೇ ಕಾಲದ ಕಟ್ಟಡಗಳಿಗೆ ಇಂಥ ಬೇರೆ ಬೇರೆ ಗತಿ ಏಕೆ ಬಂತು? ವಾಸ್ತುಗುಣದ ಹೆಚ್ಚುಕಡಿಮೆಯೊಂದರಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ನಿಲ್ದಾಣದ ಪಕ್ಕದ ಕಚೇರಿಗಳ ಆಯುಸ್ಸನ್ನು ಮೂರು ಗಡುವುಗಳು ನಿರ್ಧರಿಸುತ್ತವೆ: ಬಾಡಿಗೆ ಕರಾರಿನ ಗಡುವು, ಕಟ್ಟಡದೊಳಗಿನ ಯಂತ್ರಸೌಕರ್ಯಗಳ ಗಡುವು, ಪರಂಪರೆಯ ಕಾನೂನಿನ ಗಡುವು. ಯಾವುದು ಮೊದಲು ಬಂತೆಂಬುದರ ಮೇಲೆ ಕಟ್ಟಡ ಉಳಿಯುವುದೋ ಉರುಳುವುದೋ ತೀರ್ಮಾನವಾಗುತ್ತದೆ ಎಂಬುದು ಈ ಲೇಖನದ ವಾದ. ಆ ಮೂರು ಗಡುವುಗಳಿಗೂ ಸಿಗದೆ ಮುಂದುವರಿಯುವುದು ನೆಲ, ತಳಪಾಯ ಮತ್ತು ಜನ ನಡೆಯುವ ದಾರಿ. ಪುನರಭಿವೃದ್ಧಿಯ ಲೆಕ್ಕ ಅಲ್ಲಿಂದ ಮೇಲಕ್ಕೆ ಹೊರಡಬೇಕು. ಬ್ರಾಡ್‌ಗೇಟ್ ಇದನ್ನು ಪರೀಕ್ಷಿಸಲು ಅಪರೂಪದ ಅವಕಾಶ ಒದಗಿಸುತ್ತದೆ. ಒಂದೇ ಆವರಣದಲ್ಲಿ, ಹೆಚ್ಚುಕಡಿಮೆ ಒಂದೇ ಮಾಲೀಕತ್ವದಡಿ, ಹದಿನೈದು ವರ್ಷಗಳೊಳಗೆ ಪೂರ್ಣ ಕೆಡವುವಿಕೆ, ಪೂರ್ಣ ಉಳಿಕೆ, ಅರ್ಧ ಉಳಿಕೆ ಮೂರೂ ಅಲ್ಲಿ ನಡೆದಿವೆ.

ಎರಡು ನಿಲ್ದಾಣಗಳು, ಒಂದು ಹೋರಾಟ

ಇಲ್ಲಿ ಮೊದಲು ಅಕ್ಕಪಕ್ಕದಲ್ಲಿ ಎರಡು ನಿಲ್ದಾಣಗಳಿದ್ದವು. ನಾರ್ತ್ ಲಂಡನ್ ರೈಲ್ವೆಯ ಬ್ರಾಡ್ ಸ್ಟ್ರೀಟ್ 1865ರಲ್ಲಿ ತೆರೆಯಿತು. ಗ್ರೇಟ್ ಈಸ್ಟರ್ನ್ ರೈಲ್ವೆಯ ಲಿವರ್‌ಪೂಲ್ ಸ್ಟ್ರೀಟ್ ಬಂದದ್ದು 1874ರಲ್ಲಿ. ಟ್ರಾಮು, ಬಸ್ಸು, ಭೂಗತ ರೈಲುಗಳು ಪ್ರಯಾಣಿಕರನ್ನು ಸೆಳೆದುಕೊಂಡಂತೆ ಬ್ರಾಡ್ ಸ್ಟ್ರೀಟ್ ಸೊರಗುತ್ತ ಹೋಯಿತು. ಲಿವರ್‌ಪೂಲ್ ಸ್ಟ್ರೀಟ್ ಉಪನಗರಗಳ ನೌಕರರ ಹೆಬ್ಬಾಗಿಲಾಗಿ ಉಳಿಯಿತು.

1970ರ ದಶಕದಲ್ಲಿ ಸರ್ಕಾರಿ ರೈಲು ಸಂಸ್ಥೆಯಾದ ಬ್ರಿಟಿಷ್ ರೈಲ್ ಎರಡನ್ನೂ ಕೆಡವಿ, ಹಳಿಗಳ ಮೇಲೆ ಕಚೇರಿಗಳನ್ನು ಹೇರಿ, ಒಂದೇ ನಿಲ್ದಾಣ ಕಟ್ಟುವ ಯೋಜನೆ ಮುಂದಿಟ್ಟಿತು. ಯೂಸ್ಟನ್ ನಿಲ್ದಾಣದ ಕಲ್ಲಿನ ಮಹಾದ್ವಾರವನ್ನು 1960ರ ದಶಕದ ಆರಂಭದಲ್ಲಿ ಕಳೆದುಕೊಂಡ ಕಹಿ ಜನರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ಆಸ್ಥಾನಕವಿ ಜಾನ್ ಬೆಟ್ಜೆಮನ್ ಅವರಂಥವರು ಉಳಿಸುವ ಹೋರಾಟದ ಮುಂದೆ ನಿಂತರು. 1975ರಲ್ಲಿ ಲಿವರ್‌ಪೂಲ್ ಸ್ಟ್ರೀಟಿನ ಹಳೆಯ ಭಾಗ ಸಂರಕ್ಷಿತ ಪಟ್ಟಿಗೆ ಸೇರಿತು, ಬಳಿಕ ಸಾರ್ವಜನಿಕ ವಿಚಾರಣೆ ನಡೆಯಿತು. ಕೊನೆಗೆ ಮೂಡಿದ ಒಪ್ಪಂದದಂತೆ ಲಿವರ್‌ಪೂಲ್ ಸ್ಟ್ರೀಟಿನ ಪಶ್ಚಿಮದ ವಿಕ್ಟೋರಿಯನ್ ಕಬ್ಬಿಣದ ಚಾವಣಿ ಉಳಿಯಿತು. ಬ್ರಾಡ್ ಸ್ಟ್ರೀಟ್ 1986ರಲ್ಲಿ ಮುಚ್ಚಿತು. ಅದರ ನೆಲದಿಂದಲೂ ಹಳಿಗಳ ಮೇಲಿನ ಆಕಾಶದಿಂದಲೂ ಬಂದ ಹಣ ಲಿವರ್‌ಪೂಲ್ ಸ್ಟ್ರೀಟಿನ ನವೀಕರಣಕ್ಕೆ ಒದಗಿತು. ಬ್ರಿಟಿಷ್ ರೈಲಿನ ವಾಸ್ತುಶಿಲ್ಪಿ ನಿಕ್ ಡರ್ಬಿಶೈರ್ ಅವರ ತಂಡ ಹೊಸ ಭಾಗವನ್ನೂ ವಿಕ್ಟೋರಿಯನ್ ಕಮಾನುಗಳ ಧಾಟಿಯಲ್ಲೇ ಮುಂದುವರಿಸಿತು. 1991ರ ಡಿಸೆಂಬರಿನಲ್ಲಿ ರಾಣಿ ಎರಡನೇ ಎಲಿಜಬೆತ್ ಅದನ್ನು ಉದ್ಘಾಟಿಸಿದರು.

ಒಂದು ನಿಲ್ದಾಣದ ಜೀವ ಇನ್ನೊಂದರ ಸ್ಥಳವನ್ನು ಮಾರಿ ಉಳಿಯಿತು. ಈ ಹಣಕಾಸಿನ ಸೂತ್ರ ಮುಂದಿನ ಎಲ್ಲ ಬೆಳವಣಿಗೆಗಳ ಬುಡದಲ್ಲಿದೆ. ರೈಲು ಸಂಸ್ಥೆಗೆ ಬೇಕಾದ ಬಂಡವಾಳವನ್ನು ಕಚೇರಿಯ ಚದರಡಿಗಳು ಹೊತ್ತು ತರಬೇಕೆಂಬುದು ಆಗ ಒಪ್ಪಿತ ಪದ್ಧತಿಯಾಯಿತು.

ಬೇಗ ಕಟ್ಟುವ ಕಲೆ

ಗಾಡ್‌ಫ್ರಿ ಬ್ರಾಡ್‌ಮನ್ ಅವರ ರೋಸ್‌ಹೋ ಮತ್ತು ಸ್ಟೂವರ್ಟ್ ಲಿಪ್ಟನ್ ಅವರ ಸ್ಟ್ಯಾನ್‌ಹೋಪ್ ಕಂಪನಿಗಳು ಕೂಡಿ ಬ್ರಾಡ್‌ಗೇಟನ್ನು ಕೈಗೆತ್ತಿಕೊಂಡವು. 1, ಫಿನ್ಸ್‌ಬರಿ ಅವೆನ್ಯೂ ಆಗಲೇ ಮುಗಿದಿತ್ತು; 1985ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಉಳಿದ ಸಮುಚ್ಚಯದ ಕಾಮಗಾರಿಗೆ ಚಾಲನೆ ಕೊಟ್ಟರು. ಮರುವರ್ಷ, 1986ರ ಅಕ್ಟೋಬರ್ 27ರಂದು, ಲಂಡನ್ ಷೇರುಪೇಟೆಯ ಹಳೆಯ ಕಟ್ಟುಪಾಡುಗಳು ಕಳಚಿಬಿದ್ದವು. ‘ಬಿಗ್ ಬ್ಯಾಂಗ್’ ಎಂದು ಹೆಸರಾದ ಆ ದಿನದಿಂದ ವಹಿವಾಟು ಪೇಟೆಯ ಕಟ್ಟೆಯಿಂದ ಕಂಪ್ಯೂಟರ್ ಪರದೆಗೆ ಜಾರಿತು. ಬ್ಯಾಂಕುಗಳಿಗೆ ಕಂಬಗಳ ಅಡ್ಡಿಯಿಲ್ಲದ ವಿಶಾಲ ಮಹಡಿಗಳು, ಕೇಬಲ್ ಹಾಯಿಸಲು ಎತ್ತರಿಸಿದ ನೆಲಹಾಸು, ಯಂತ್ರಗಳ ಬಿಸಿ ತಣಿಸಲು ಬಲವಾದ ಹವಾನಿಯಂತ್ರಣ ಬೇಕಾದವು. ಲಂಡನ್ನಿನ ಹಣಕಾಸು ಕೇಂದ್ರವಾದ ‘ಸಿಟಿ’ಯ ಹಳೆಯ ಕಚೇರಿಗಳಲ್ಲಿ ಇವು ಇರಲಿಲ್ಲ.

ಲಿಪ್ಟನ್ ಅಮೆರಿಕದ ಕ್ರಮವನ್ನು ತಂದರು. ಉಕ್ಕಿನ ಚೌಕಟ್ಟು, ಲೋಹದ ತಗಡಿನ ಮೇಲೆ ಕಾಂಕ್ರೀಟ್ ಹಾಸು, ಕಾರ್ಖಾನೆಯಲ್ಲೇ ಸಿದ್ಧವಾಗಿ ಬರುವ ಹೊರಗೋಡೆಯ ಫಲಕಗಳು. ಒಡಲು ಮತ್ತು ನಡುಗಂಬವನ್ನಷ್ಟೇ ಕಟ್ಟುಗರು ಮುಗಿಸಿ, ಒಳಗಿನ ಸಜ್ಜಿಕೆಯನ್ನು ಬಾಡಿಗೆದಾರರಿಗೆ ಬಿಡುವ ಏರ್ಪಾಟೂ ಅದರೊಂದಿಗೆ ಬಂತು. ಮೊದಲ ಹಂತಗಳನ್ನು ಆರಪ್ ಅಸೋಸಿಯೇಟ್ಸ್ ರೂಪಿಸಿದರೆ, ಹಳಿಗಳ ಮೇಲಿನ ಮತ್ತು ಬಿಷಪ್ಸ್‌ಗೇಟ್ ಬದಿಯ ಹಂತಗಳು ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆಗೆ ಹೋದವು.

ಹಳಿಗಳ ಮೇಲೆ ಕಟ್ಟುವುದೆಂದರೆ ಏನೆಂದು ತಿಳಿಯಲು 1990ರಲ್ಲಿ ಮುಗಿದ ಎಕ್ಸ್‌ಚೇಂಜ್ ಹೌಸ್ ನೋಡಬೇಕು. ಕೆಳಗೆ ರೈಲುಗಳು ಎಡೆಬಿಡದೆ ಓಡುತ್ತವೆ, ಕಂಬ ಊರಲು ಜಾಗವಿಲ್ಲ. ಹೀಗಾಗಿ ಹತ್ತು ಅಂತಸ್ತಿನ ಕಟ್ಟಡವನ್ನು ನಾಲ್ಕು ಭಾರೀ ಉಕ್ಕಿನ ಕಮಾನುಗಳು ಹೊತ್ತು 78 ಮೀಟರ್ ಅಗಲವನ್ನು ಒಂದೇ ನೆಗೆತಕ್ಕೆ ದಾಟಿಸುತ್ತವೆ. ಅದು ಸೇತುವೆಯೂ ಹೌದು, ಕಚೇರಿಯೂ ಹೌದು. ಇಂಥ ನೆಲದಲ್ಲಿ ತಳಪಾಯದ ಪ್ರತಿ ಬಿಂದುವನ್ನೂ ರೈಲಿನವರೊಂದಿಗೆ ಚೌಕಾಸಿ ಮಾಡಿ ಗಳಿಸಬೇಕು. ಒಮ್ಮೆ ಗಳಿಸಿದ ಬಿಂದುವಿನ ಬೆಲೆ ಅದರ ಮೇಲಿನ ಯಾವುದೇ ಗಾಜಿನ ಗೋಡೆಗಿಂತ ಹೆಚ್ಚು.

ಬ್ರಾಡ್‌ಗೇಟಿನ ಸಲಹಾ ವಲಯದಲ್ಲಿ ಇನ್ನೊಂದು ಹೆಸರು ಗಮನಾರ್ಹ. ಡಿಇಜಿಡಬ್ಲ್ಯೂ ಸಂಸ್ಥೆಯ ಫ್ರಾನ್ಸಿಸ್ ಡಫಿ, ಕಚೇರಿಗಳ ಮೇಲೆ ಮಾಹಿತಿ ತಂತ್ರಜ್ಞಾನ ಬೀರುವ ಪರಿಣಾಮವನ್ನು 1980ರ ದಶಕದ ಆರಂಭದಲ್ಲೇ ಅಧ್ಯಯನ ಮಾಡಿದ್ದವರು. ಕಟ್ಟಡವನ್ನು ಒಂದೇ ವಸ್ತುವಾಗಿ ನೋಡಬಾರದು, ಬೇರೆ ಬೇರೆ ಆಯುಸ್ಸಿನ ಪದರಗಳಾಗಿ ನೋಡಬೇಕು ಎಂದು ಅವರು ವಾದಿಸಿದರು. ಒಡಲಿಗೆ ಸುಮಾರು 50 ವರ್ಷ, ಯಂತ್ರಸೌಕರ್ಯಗಳಿಗೆ ಸುಮಾರು 15, ಒಳಗಿನ ವಿಂಗಡಣೆ ಮತ್ತು ಪೀಠೋಪಕರಣಗಳಿಗೆ ಐದು ಅಥವಾ ಸ್ವಲ್ಪ ಹೆಚ್ಚು. ಅಮೆರಿಕದ ಲೇಖಕ ಸ್ಟೂವರ್ಟ್ ಬ್ರ್ಯಾಂಡ್ 1994ರಲ್ಲಿ ಈ ವಿಂಗಡಣೆಯನ್ನು ಆರು ಪದರಗಳಿಗೆ ವಿಸ್ತರಿಸಿ, ನಿವೇಶನವನ್ನು ಎಲ್ಲಕ್ಕಿಂತ ದೀರ್ಘಾಯುವೆಂದು ಗುರುತಿಸಿದರು. ಬ್ರಾಡ್‌ಗೇಟ್ ಮುಂದೆ ಈ ಸಿದ್ಧಾಂತದ ಪ್ರಯೋಗಶಾಲೆಯೇ ಆಯಿತು.

ಮುಪ್ಪು ಎಲ್ಲಿಗೆ ಬಂತು?

ಕಚೇರಿ ಹಳತಾಯಿತು ಎಂದಾಗ ಉಕ್ಕು ತುಕ್ಕು ಹಿಡಿಯಿತೆಂದು ಅರ್ಥವಲ್ಲ. ಬ್ರಾಡ್‌ಗೇಟಿನ ಚೌಕಟ್ಟುಗಳು ಗಟ್ಟಿಯಾಗಿಯೇ ಇದ್ದವು. ಸವೆದದ್ದು ಹವಾನಿಯಂತ್ರಣ, ಲಿಫ್ಟು, ವಿದ್ಯುತ್ ಜಾಲ. ಬಿಸಿಲು ಮತ್ತು ಶಾಖದ ಲೆಕ್ಕದಲ್ಲಿ ಹೊರಗೋಡೆಗಳು ಹೊಸ ಇಂಧನ ನಿಯಮಗಳ ಮುಂದೆ ಸೋತವು.

ಇನ್ನೊಂದು ಬಗೆಯ ಮುಪ್ಪು ನೆಲಮಟ್ಟದ್ದು. 1980ರ ದಶಕದ ಬ್ರಾಡ್‌ಗೇಟ್ ಬ್ಯಾಂಕಿನವರಿಗಾಗಿ ಕಟ್ಟಿದ ಊರು. ನಡುವಿನ ವರ್ತುಲ ರಂಗಸ್ಥಳ, ಚಳಿಗಾಲದಲ್ಲಿ ಅಲ್ಲಿ ಹಾಸುತ್ತಿದ್ದ ಹಿಮಜಾರು ಅಂಗಳ, ರಿಚರ್ಡ್ ಸೆರಾ ಅವರ ‘ಫಲ್ಕ್ರಂ’ ಎಂಬ ಎತ್ತರದ ಉಕ್ಕಿನ ಶಿಲ್ಪ, ಇವು ಸಾರ್ವಜನಿಕ ಬದುಕಿಗೆ ಕೊಟ್ಟ ನಿಜವಾದ ಕೊಡುಗೆಗಳು. ಆದರೆ ಅನೇಕ ಕಟ್ಟಡಗಳು ಬೀದಿಗೆ ಬೆನ್ನು ಹಾಕಿದ್ದವು. ಗ್ರಾನೈಟ್ ಹೊದಿಸಿದ ನೆಲ ಅಂತಸ್ತುಗಳಲ್ಲಿ ಅಂಗಡಿ, ಊಟದ ಮನೆಗಳು ಕಡಿಮೆ. ಶನಿವಾರ ಭಾನುವಾರ ಆವರಣ ಬಣಗುಡುತ್ತಿತ್ತು. ಉತ್ತರಕ್ಕೆ ಶೋರ್ಡಿಚ್ ಪ್ರದೇಶ ಕಲಾವಿದರ, ತಂತ್ರಜ್ಞಾನ ಕಂಪನಿಗಳ, ಇರುಳಿನ ಗದ್ದಲದ ಬಡಾವಣೆಯಾಗಿ ಬೆಳೆಯುತ್ತಿದ್ದಂತೆ ಈ ಮೌನ ಬಾಡಿಗೆಯ ದೃಷ್ಟಿಯಿಂದಲೂ ಕೊರತೆಯಾಗಿ ಕಾಣತೊಡಗಿತು.

ಇವೆರಡಕ್ಕೂ ಮೊದಲೇ ಕರಾರಿನ ಗಡುವು ಹತ್ತಿರ ಬಂದಿತ್ತು. 1980ರ ದಶಕದ ಬ್ರಿಟನ್ನಿನಲ್ಲಿ ದೊಡ್ಡ ಕಚೇರಿಗಳನ್ನು ಸಾಮಾನ್ಯವಾಗಿ 25 ವರ್ಷಗಳ ಕರಾರಿಗೆ ಕೊಡುತ್ತಿದ್ದರು. 1987ಕ್ಕೆ 25 ಸೇರಿಸಿದರೆ 2012. ಬಾಡಿಗೆದಾರ ಎದ್ದುಹೋಗುವ ಸಾಧ್ಯತೆ ಮುಂದೆ ನಿಂತ ಆ ಹೊತ್ತಿನಲ್ಲಿ ಮಾಲೀಕನಿಗೆ ನಿರ್ಣಯ ಅನಿವಾರ್ಯ. ಇಡೀ ಕಟ್ಟಡ ಒಮ್ಮೆಗೇ ಖಾಲಿಯಾಗುವುದು ದಶಕಗಳಿಗೊಮ್ಮೆ ಸಿಗುವ ಅವಕಾಶವೂ ಹೌದು.

ಮೂರು ಬಗೆಯ ತೀರ್ಮಾನಗಳು

ಮೊದಲನೆಯದು ಪೂರ್ಣ ಕೆಡವುವಿಕೆ. 2010ರಲ್ಲಿ ಸ್ವಿಸ್ ಬ್ಯಾಂಕ್ ಯುಬಿಎಸ್ ತನ್ನ ಚದುರಿದ ವಹಿವಾಟು ಮಹಡಿಗಳನ್ನು ಒಂದೇ ಸೂರಿನಡಿ ತರಬಯಸಿತು. 4 ಮತ್ತು 6ನೇ ಕಟ್ಟಡಗಳನ್ನು ಉರುಳಿಸಿ ಸುಮಾರು 7 ಲಕ್ಷ ಚದರಡಿಯ 5 ಬ್ರಾಡ್‌ಗೇಟ್ ಕಟ್ಟುವ ಯೋಜನೆಯನ್ನು ಮೇಕ್ ಆರ್ಕಿಟೆಕ್ಟ್ಸ್ ಸಿದ್ಧಪಡಿಸಿತು. ಪರಂಪರೆಯ ವಿಷಯದಲ್ಲಿ ಆಗ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 2011ರಲ್ಲಿ ಬ್ರಾಡ್‌ಗೇಟ್ ಚೌಕವನ್ನು ಎರಡನೇ ದರ್ಜೆಯ ನಕ್ಷತ್ರ ಶ್ರೇಣಿಯಲ್ಲಿ ರಕ್ಷಿಸಬೇಕೆಂದು ಶಿಫಾರಸು ಮಾಡಿತು. ಇಂಗ್ಲೆಂಡಿನ ಕ್ರಮದಂತೆ 30 ವರ್ಷ ತುಂಬದ ಕಟ್ಟಡ ಪಟ್ಟಿಗೆ ಸೇರಬೇಕಾದರೆ ಅದು ಅಸಾಧಾರಣವಾಗಿರಬೇಕು, ಅಪಾಯದಲ್ಲೂ ಇರಬೇಕು. 4 ಮತ್ತು 6ನೇ ಕಟ್ಟಡಗಳಿಗೆ ಆಗ 24 ವರ್ಷ. ಸಂಸ್ಕೃತಿ ಸಚಿವ ಜೆರೆಮಿ ಹಂಟ್ ಶಿಫಾರಸನ್ನು ಒಪ್ಪಲಿಲ್ಲ. ಸಿಟಿ ಆಫ್ ಲಂಡನ್ ಕಾರ್ಪೊರೇಷನ್ ಹೊಸ ಯೋಜನೆಯ ಪರವಾಗಿತ್ತು. ದೊಡ್ಡ ಬ್ಯಾಂಕೊಂದು ಸಿಟಿಯಿಂದ ಕಾಲ್ತೆಗೆಯಬಹುದೆಂಬ ಭಯ 2008ರ ಆರ್ಥಿಕ ಕುಸಿತದ ನಂತರ ಇನ್ನಷ್ಟು ಬಲವಾಗಿತ್ತು. ಲೋಹದ ಹೊದಿಕೆಯ 5 ಬ್ರಾಡ್‌ಗೇಟ್ 2015ರಲ್ಲಿ ಮುಗಿಯಿತು. ಅದರ ನಾಲ್ಕು ವಹಿವಾಟು ಮಹಡಿಗಳಲ್ಲಿ ಪ್ರತಿಯೊಂದಕ್ಕೂ ಸುಮಾರು 750 ಮಂದಿ ಹಿಡಿಸುತ್ತಾರೆ.

ಎರಡನೆಯದು ಉಳಿಕೆ. 1, ಫಿನ್ಸ್‌ಬರಿ ಅವೆನ್ಯೂ 2014ರಲ್ಲಿ 30 ದಾಟಿತು. 2015ರ ಜನವರಿಯಲ್ಲಿ ಯುದ್ಧೋತ್ತರ ಕಾಲದ ಹದಿನಾಲ್ಕು ಕಚೇರಿ ಕಟ್ಟಡಗಳನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿದಾಗ ಇದೂ ಎರಡನೇ ದರ್ಜೆ ಪಡೆಯಿತು. ಕಂದು ಲೋಹದ ಚೌಕಟ್ಟು, ಕಿಟಕಿಗಳ ಹೊರಗೆ ನೆರಳು ಚೆಲ್ಲುವ ಜಾಲರಿ, ಒಳಗಿನ ಎತ್ತರದ ಬೆಳಕಿನಂಗಳ ಇವು ಅದರ ಗುರುತು. ಆಲ್‌ಫರ್ಡ್ ಹಾಲ್ ಮೊನಾಹನ್ ಮಾರಿಸ್ ಸಂಸ್ಥೆ ಅದನ್ನು ನವೀಕರಿಸಿ 2019ರಲ್ಲಿ ಮತ್ತೆ ಬಳಕೆಗೆ ಕೊಟ್ಟಿತು. ಬೆಳಕಿನಂಗಳದ ಮೂಲಕ ಸಾರ್ವಜನಿಕ ದಾರಿ ತೆರೆಯಿತು, ನೆಲಮಟ್ಟಕ್ಕೆ ಚಿತ್ರಮಂದಿರ ಮತ್ತು ಊಟದ ಮನೆಗಳು ಬಂದವು. ಬ್ಯಾಂಕಿನವರಿಗಾಗಿ ಕಟ್ಟಿದ ಮಹಡಿಗಳು ತಂತ್ರಜ್ಞಾನ ಕಂಪನಿಗೂ ಒಗ್ಗಿದವು. ಪಟ್ಟಿಗೆ ಸೇರಿದ ಕಟ್ಟಡ ಬಾಡಿಗೆಗೆ ಬಾರದ ಹೊರೆಯಾಗುತ್ತದೆಂಬ ಮಾತಿಗೆ ಇದು ನೇರ ಉತ್ತರ.

ಮೂರನೆಯದು ಅತ್ಯಂತ ಬೋಧಪ್ರದ. ನಿಲ್ದಾಣದ ಬಾಗಿಲಲ್ಲೇ ಇರುವ 100, ಲಿವರ್‌ಪೂಲ್ ಸ್ಟ್ರೀಟ್ 1980ರ ದಶಕದ ಕೊನೆಯ ಭಾಗದಲ್ಲಿ ಎದ್ದ ಕಟ್ಟಡ. ಭೂಗತ ಮಾರ್ಗಗಳು, ಬಸ್ ನಿಲ್ದಾಣ, ಪ್ರಯಾಣಿಕರ ಪ್ರವಾಹ ಎಲ್ಲವೂ ಅದರ ಮಗ್ಗುಲಲ್ಲೇ. ಅಂಥಲ್ಲಿ ಹೊಸದಾಗಿ ಆಳದ ತಳಪಾಯ ತೋಡುವುದು ದುಬಾರಿ, ನಿಧಾನ, ಅಪಾಯಕರ. ಹಾಪ್‌ಕಿನ್ಸ್ ಆರ್ಕಿಟೆಕ್ಟ್ಸ್ ಹಳೆಯ ತಳಪಾಯ ಮತ್ತು ಉಕ್ಕಿನ ಚೌಕಟ್ಟಿನ ದೊಡ್ಡ ಪಾಲನ್ನು ಉಳಿಸಿಕೊಂಡಿತು. ಹೊರಗೋಡೆ ಮತ್ತು ಯಂತ್ರಸೌಕರ್ಯಗಳನ್ನು ಕಳಚಿ ಹಾಕಿ, ಮೇಲೆ ಹೊಸ ಅಂತಸ್ತುಗಳನ್ನು ಏರಿಸಿತು. 2020ರಲ್ಲಿ ಮುಗಿದ ಈ ಕಟ್ಟಡ ಮಾಲೀಕ ಸಂಸ್ಥೆ ಬ್ರಿಟಿಷ್ ಲ್ಯಾಂಡಿನ ಮೊದಲ ನಿವ್ವಳ ಶೂನ್ಯ ಇಂಗಾಲದ ಯೋಜನೆ. 2022ರಲ್ಲಿ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಬಂತು. ತಪ್ಪಿಸಲಾಗದೆ ಉಳಿದ ಹೊರಸೂಸುವಿಕೆಯನ್ನು ಅರಣ್ಯ ಯೋಜನೆಗಳ ಮೂಲಕ ಸರಿದೂಗಿಸಿದ್ದರಿಂದ ‘ಶೂನ್ಯ’ ಎಂಬ ಹಣೆಪಟ್ಟಿಯನ್ನು ಎಚ್ಚರದಿಂದ ಓದಬೇಕು. ಆದರೆ ಉಳಿಸಿದ ಉಕ್ಕು ಮತ್ತು ಕಾಂಕ್ರೀಟಿನ ಲಾಭ ಕಾಗದದ ಮೇಲಿನದಲ್ಲ. ಕಚೇರಿಯೊಂದನ್ನು ಕಟ್ಟುವಾಗ ಹೊಮ್ಮುವ ಇಂಗಾಲದಲ್ಲಿ ತಳಪಾಯ ಮತ್ತು ಚೌಕಟ್ಟಿನ ಪಾಲೇ ಸಾಮಾನ್ಯವಾಗಿ ದೊಡ್ಡದು. ಡಫಿ ಹೇಳಿದ ಪದರಗಳು ಇಲ್ಲಿ ಅಕ್ಷರಶಃ ಬೇರ್ಪಟ್ಟವು. ದೀರ್ಘಾಯು ಪದರ ನಿಂತಿತು, ಅಲ್ಪಾಯು ಪದರಗಳು ಬದಲಾದವು.

ಈ ಪಾಠ ಆವರಣದ ಉದ್ದಕ್ಕೂ ಪಾಲನೆಯಾಗಲಿಲ್ಲ. ಆರಪ್ ಕಾಲದ 1 ಮತ್ತು 2 ಬ್ರಾಡ್‌ಗೇಟ್ ಕೆಡವಿ ಹೊಸದು ಕಟ್ಟಲಾಯಿತು. 2–3 ಫಿನ್ಸ್‌ಬರಿ ಅವೆನ್ಯೂ ಜಾಗದಲ್ಲಿ ಡೆನ್ಮಾರ್ಕಿನ 3ಎಕ್ಸ್‌ಎನ್ ಸಂಸ್ಥೆ ರೂಪಿಸಿದ 36 ಅಂತಸ್ತಿನ ಗೋಪುರದ ಯೋಜನೆ ಬಂತು. ಹಳೆಯ ಚೌಕಟ್ಟು ಹೊರಬಲ್ಲದ್ದಕ್ಕಿಂತ ಬಹುಪಟ್ಟು ಹೆಚ್ಚು ಚದರಡಿ ಬೇಕೆಂದಾದಾಗ ಅದನ್ನು ಉಳಿಸುವ ಮಾತಿಗೆ ಎಡೆಯೇ ಸಿಗುವುದಿಲ್ಲ. ನಿಲ್ದಾಣದ ಸಾಮೀಪ್ಯ ಕಟ್ಟಡದ ಗೆಳೆಯನೂ ಹೌದು, ಶತ್ರುವೂ ಹೌದು. ಜನ ನಡೆದೇ ಬರಬಲ್ಲ ಜಾಗ ಎತ್ತರಕ್ಕೆ ಹೋಗಬೇಕೆಂಬುದು ಸಾರಿಗೆ ಯೋಜಕರ ನ್ಯಾಯವಾದ ವಾದ. ಆದರೆ ಆ ವಾದವೇ ಗಟ್ಟಿಮುಟ್ಟಾದ ಮೂವತ್ತರ ಹರೆಯದ ಚೌಕಟ್ಟುಗಳಿಗೆ ಮುಳುವಾಗುತ್ತದೆ.

ನೆಲದಡಿಯ ಬದಲಾವಣೆ

2022ರ ಮೇ 24ರಂದು ಎಲಿಜಬೆತ್ ರೈಲು ಮಾರ್ಗದ ನಡುಭಾಗ ತೆರೆಯಿತು. ಲಿವರ್‌ಪೂಲ್ ಸ್ಟ್ರೀಟಿನಲ್ಲಿ ಅದರ ಹೊಸ ಬಾಗಿಲು ಬಂದದ್ದು ಬ್ರಾಡ್‌ಗೇಟಿನ ಅಂಗಳಕ್ಕೇ. ಪ್ಲಾಟ್‌ಫಾರ್ಮುಗಳ ಇನ್ನೊಂದು ತುದಿ ಮೂರ್‌ಗೇಟ್ ನಿಲ್ದಾಣವನ್ನು ಮುಟ್ಟುತ್ತದೆ. ಇದಕ್ಕಾಗಿ ನೆಲ ಅಗೆದಾಗ 16ರಿಂದ 18ನೇ ಶತಮಾನದವರೆಗೆ ಬಳಕೆಯಲ್ಲಿದ್ದ ಬೆಡ್ಲಂ ಸ್ಮಶಾನದಿಂದ 3,000ಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ಪುರಾತತ್ತ್ವಜ್ಞರು ಹೊರತೆಗೆದರು. 1980ರ ದಶಕದಲ್ಲಿ ಬ್ರಾಡ್‌ಗೇಟ್ ಕಟ್ಟುವಾಗಲೂ ಅದೇ ಸ್ಮಶಾನದ ಒಂದು ಅಂಚು ತೆರೆದುಕೊಂಡಿತ್ತು. ಇಲ್ಲಿನ ಪ್ರತಿ ಹೊಸ ತಳಪಾಯಕ್ಕೂ ಇಂಥದೊಂದು ನೆಲದಡಿಯ ಬೆಲೆಯಿದೆ.

ಹೊಸ ಮಾರ್ಗ ಪ್ರಯಾಣಿಕರ ಲೆಕ್ಕವನ್ನೇ ಮೇಲುಕೆಳಗು ಮಾಡಿತು. 2022–23ರಲ್ಲಿ 8.04 ಕೋಟಿ ಪ್ರವೇಶ-ನಿರ್ಗಮನಗಳೊಂದಿಗೆ ಲಿವರ್‌ಪೂಲ್ ಸ್ಟ್ರೀಟ್ ಬ್ರಿಟನ್ನಿನ ಅತ್ಯಂತ ದಟ್ಟಣೆಯ ನಿಲ್ದಾಣವಾಯಿತು. ಮರುವರ್ಷ ಸಂಖ್ಯೆ 9.45 ಕೋಟಿಗೆ ಏರಿತು. ಕೋವಿಡ್ ಸಾಂಕ್ರಾಮಿಕದ ಬಳಿಕ ಮನೆಯಿಂದಲೇ ಕೆಲಸ ಮಾಡುವ ರೂಢಿ ಬೆಳೆದು, ದೂರದ ಸಾಧಾರಣ ಕಚೇರಿಗಳು ಖಾಲಿಯಾಗುತ್ತಿದ್ದ ಕಾಲದಲ್ಲಿ ನಿಲ್ದಾಣದ ಬಾಗಿಲಿನ ಉತ್ತಮ ಕಚೇರಿಗಳಿಗೆ ಬೇಡಿಕೆ ಕುಗ್ಗಲಿಲ್ಲ. ಸಿಬ್ಬಂದಿಯನ್ನು ವಾರದ ಕೆಲವು ದಿನವಾದರೂ ಕರೆಸಬೇಕಾದ ಕಂಪನಿ ಅವರ ಪ್ರಯಾಣವನ್ನು ಸುಲಭವಾಗಿಸಬೇಕಾಗುತ್ತದೆ. ಬ್ರಾಡ್‌ಗೇಟಿನ ಮಾಲೀಕರಾದ ಬ್ರಿಟಿಷ್ ಲ್ಯಾಂಡ್ ಮತ್ತು ಸಿಂಗಪುರದ ಜಿಐಸಿ ಆವರಣದ ಅಂಚುಗಳನ್ನು ತೆರೆದು, ಅಂಗಡಿ, ಊಟ, ಕುಳಿತುಕೊಳ್ಳುವ ಹಸಿರು ಜಾಗಗಳನ್ನು ಸೇರಿಸಿದ್ದಕ್ಕೆ ಇದೂ ಕಾರಣ.

ಆದರೂ ಇದು ಖಾಸಗಿ ನೆಲ. ಜನ ನಡೆಯುವುದು ಮಾಲೀಕರ ಅನುಮತಿಯಿಂದ, ಕಾವಲು ಅವರದೇ. ದಿನವೂ ಲಕ್ಷಾಂತರ ಜನ ಬಳಸುವ ನಿಲ್ದಾಣದ ಮುಂದಿನ ಅಂಗಳವನ್ನು ಸಾರ್ವಜನಿಕ ಹಕ್ಕಾಗಿ ಬರೆದಿಡುವ ಕೆಲಸ ಬ್ರಾಡ್‌ಗೇಟಿನ ಮೊದಲ ಯೋಜನೆಯಲ್ಲೇ ಆಗಬೇಕಿತ್ತು. ಪುನರಭಿವೃದ್ಧಿಯ ಅನುಮತಿ ಕೊಡುವ ಪ್ರತಿ ಹಂತವೂ ಈ ಕೊರತೆಯನ್ನು ತುಂಬಲು ನಗರಾಡಳಿತಕ್ಕೆ ಸಿಗುವ ಸಂದರ್ಭ.

ನಾಲ್ಕನೆಯ ಗಡುವು

2011ರಲ್ಲಿ ಇಲ್ಲದಿದ್ದ ಒಂದು ಅಳತೆಗೋಲು ಈಗ ಬಂದಿದೆ. 2021ರ ಲಂಡನ್ ಯೋಜನೆಯ ಪ್ರಕಾರ ಮೇಯರ್ ಅವರ ಪರಿಶೀಲನೆಗೆ ಹೋಗುವ ದೊಡ್ಡ ಯೋಜನೆಗಳು ಕಟ್ಟಡದ ಇಡೀ ಜೀವಿತದ ಇಂಗಾಲದ ಲೆಕ್ಕ ಒಪ್ಪಿಸಬೇಕು. ಕೆಡವುವ ಮುನ್ನ ಉಳಿಸುವ ಪರ್ಯಾಯಗಳನ್ನು ತೂಗಿನೋಡಬೇಕೆಂಬ ಮಾರ್ಗಸೂಚಿಯನ್ನು ಸಿಟಿ ಕಾರ್ಪೊರೇಷನ್ 2023ರಲ್ಲಿ ತಂದಿತು. ಆದರೆ ಈ ಅಳತೆಗೋಲಿನ ಬಲ ಎಷ್ಟೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆಕ್ಸ್‌ಫರ್ಡ್ ಸ್ಟ್ರೀಟಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಯನ್ನು ಕೆಡವುವ ಯೋಜನೆಯನ್ನು 2023ರ ಜುಲೈನಲ್ಲಿ ಸಚಿವ ಮೈಕಲ್ ಗೋವ್ ತಿರಸ್ಕರಿಸಿದರು, 2024ರ ಮಾರ್ಚಿನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು, ಅದೇ ವರ್ಷದ ಡಿಸೆಂಬರಿನಲ್ಲಿ ಹೊಸ ಸರ್ಕಾರದ ಏಂಜೆಲಾ ರೇನರ್ ಅನುಮತಿ ಕೊಟ್ಟರು. ಇಂಗಾಲದ ಗಡುವು ಕಾಗದದ ಮೇಲಿದೆ, ಅದನ್ನು ದಾಟಿದವರಿಗೆ ದಂಡವಿಲ್ಲ.

ಇದರ ಮುಂದಿನ ಪರೀಕ್ಷೆ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದ ಒಳಗೇ ನಡೆಯುತ್ತಿದೆ. ಕಟ್ಟಡ ಅಭಿವೃದ್ಧಿಯ ಸೆಲ್ಲರ್ ಕಂಪನಿಗಾಗಿ ಹರ್ಜೋಗ್ ಅಂಡ್ ಡಿ ಮ್ಯೂರಾನ್ ರೂಪಿಸಿದ್ದ ಯೋಜನೆ 2023ರಲ್ಲಿ ಸಲ್ಲಿಕೆಯಾಗಿ ತೀವ್ರ ವಿರೋಧ ಎದುರಿಸಿತು. 2025ರ ಏಪ್ರಿಲ್‌ನಲ್ಲಿ ರೈಲು ಹಳಿ-ನಿಲ್ದಾಣಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನೆಟ್‌ವರ್ಕ್ ರೈಲ್ ಅದರ ಬದಲಿಗೆ ಆಕ್ಮೆ ಸಂಸ್ಥೆ ರೂಪಿಸಿದ ಇನ್ನೊಂದನ್ನು ಮುಂದಿಟ್ಟಿತು. ಹೆಚ್ಚಿನ ಲಿಫ್ಟುಗಳು, ಎಸ್ಕಲೇಟರುಗಳು, ಅಗಲವಾದ ಮೊಗಸಾಲೆ ಇವೆಲ್ಲ ಈ ನಿಲ್ದಾಣಕ್ಕೆ ನಿಜಕ್ಕೂ ಬೇಕು. ಗಾಲಿಕುರ್ಚಿಯಲ್ಲಿ ಬರುವವರಿಗೆ ಈಗಿನ ಏರ್ಪಾಟು ಸಾಲದು. ಆದರೆ ಖರ್ಚು ಹೊರುವುದು ಮತ್ತದೇ ಸೂತ್ರದಂತೆ, ಮೊಗಸಾಲೆಯ ಮೇಲೆ ಏರುವ ಕಚೇರಿಗಳಿಂದ. ಇದಕ್ಕಾಗಿ ತೆಗೆಯಬೇಕಾದದ್ದು ಡರ್ಬಿಶೈರ್ ತಂಡ ಕಟ್ಟಿದ, 1991ರಲ್ಲಿ ತೆರೆದ ಚಾವಣಿಯ ಒಂದು ಭಾಗ. ವಿಕ್ಟೋರಿಯನ್ ಸೊಸೈಟಿ ಮತ್ತು ಸೇವ್ ಬ್ರಿಟನ್ಸ್ ಹೆರಿಟೇಜ್ ಸಂಘಟನೆಗಳು ಈ ಮಾದರಿಯನ್ನೇ ಪ್ರಶ್ನಿಸಿದವು.

ಆ ಚಾವಣಿಗೆ 2021ರಲ್ಲೇ 30 ತುಂಬಿದೆ. ನಿಲ್ದಾಣದ ಸಂರಕ್ಷಣಾ ವಿವರಣೆಯನ್ನು ಪರಿಷ್ಕರಿಸಿದಾಗ 1980–90ರ ಭಾಗದ ಮೌಲ್ಯವನ್ನೂ, ಇಂಗ್ಲಿಷ್ ಹೆರಿಟೇಜ್‌ನ ಸಲಹೆಯ ಹೊಣೆಯನ್ನು ಈಗ ಹೊತ್ತಿರುವ ಹಿಸ್ಟಾರಿಕ್ ಇಂಗ್ಲೆಂಡ್ ಗುರುತಿಸಿತು. ಅಲ್ಲಿಗೆ ಪರಂಪರೆಯ ಗಡುವು ಈ ಸಲ ಕಟ್ಟಡದ ಪರವಾಗಿ ಬಿದ್ದಿದೆ. ಎದುರು ನಿಂತಿರುವುದು ಬಾಡಿಗೆ ಕರಾರಲ್ಲ, ನಿಲ್ದಾಣದ ಸುಧಾರಣೆಗೆ ಸಾರ್ವಜನಿಕ ಬೊಕ್ಕಸ ಹಣ ಕೊಡುವುದಿಲ್ಲವೆಂಬ ನಲವತ್ತು ವರ್ಷಗಳ ಹಳೆಯ ನೀತಿ. ನೆಟ್‌ವರ್ಕ್ ರೈಲ್ ಮತ್ತು ಬ್ರಿಟನ್ ಸರ್ಕಾರ ಮೊದಲು ಉತ್ತರಿಸಬೇಕಾದ ಪ್ರಶ್ನೆ ಹಣದ್ದು. ಲಿಫ್ಟು, ಎಸ್ಕಲೇಟರುಗಳ ವೆಚ್ಚವನ್ನು ಕಚೇರಿಯ ಚದರಡಿಗಳಿಂದ ಬೇರ್ಪಡಿಸಿ ಲೆಕ್ಕ ಹಾಕಿ ಬಹಿರಂಗಪಡಿಸಿದರೆ, ಎಷ್ಟು ಕಟ್ಟಬೇಕು, ಎಷ್ಟು ಉಳಿಸಬೇಕು ಎಂಬ ಚರ್ಚೆ 100, ಲಿವರ್‌ಪೂಲ್ ಸ್ಟ್ರೀಟಿನಲ್ಲಿ ನಡೆದಂತೆ ಪದರ ಪದರವಾಗಿ ನಡೆಯಬಲ್ಲದು.